ಕೊಕ್ಕಿನ ಚುಕ್ಕಿ

ಬೆಟಗೇರಿಯಲ್ಲಿ ಮಗ್ಗಗಳು ನಿಂತ ಮೇಲೆ
ರಾತ್ರಿಗೆ ಕಿವಿ ಬರುತ್ತದೆ.
ಮಾಳಿಗೆಯ ಮೇಲೆ ನನ್ನ ದುರ್ಬೀನು:
ಪೈಪಿನಂಗಡಿಯ ಕೊಳವೆ, ನಾನೇ ಉಜ್ಜಿದ ಕನ್ನಡಿ.
ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ
ದಕ್ಷಿಣಕ್ಕೆ ಮಿಟುಕುತ್ತಿರಲಿ,
ನಮ್ಮ ಕೆಲಸ ವಾಯವ್ಯದಲ್ಲಿ.

ಏಣಿ ಹತ್ತಿ ಬಂದರು ತುಳಜಾಸಾ ಖಟವಟೆ,
ನಲವತ್ತು ವರ್ಷ ನೂಲಿಗೆ ಬಣ್ಣ ಕೊಟ್ಟವರು,
ಉಗುರಿನ ಸಂದಿಯಲ್ಲಿ ಇನ್ನೂ ಊದಾ.

ಹಂಸದ ಕೊಕ್ಕಿನ ಚುಕ್ಕಿ ಬರಿಗಣ್ಣಿಗೆ ಒಂದು,
ಒಳಗೆ ಎರಡು.
'ಒಂದು ಅರಿಷಿಣ. ಇನ್ನೊಂದು ಬೂದಿ ಏನ...' ತಡೆದರು.
ಕಣ್ಣು ಬದಲಿಸಿದರು,
ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಪೊರೆ ತೆಗೆಸಿದ ಬಲಗಣ್ಣು.
'ಅಯ್ಯ, ನೀಲಿ! ಅಪ್ಪಟ ನೀಲಿ!'
ಮತ್ತೆ ಎಡ. ಮತ್ತೆ ಬಲ.

'ಒಂದನ್ನೊಂದು ಸುತ್ತತಾವೇನ್ರಿ ಟೀಚರ್?'
ಗೊತ್ತಿಲ್ಲ ಅಂದೆ. ಜೋಡಿಯೋ,
ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಿಂತ ಅಪರಿಚಿತರೋ,
ಅಳೆಯುವವರಿಗೇ ಇನ್ನೂ ಖಾತ್ರಿಯಿಲ್ಲ.
ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

'ಹತ್ತು ವರ್ಷ ಎರಡೂ ಕಣ್ಣು ಹಿಂಗ ಇದ್ದೂ.
ನೀಲಿ ಸಾಲ್ದು, ಸಾಲ್ದು ಅಂತ
ಹಂಡೇಕ ಸುರುವೇ ಸುರುವಿದೆ.
ಎಷ್ಟು ಮಂದಿ ಹೆಣ್ಣುಮಕ್ಕಳು ಉಟ್ಟರೋ
ನಾ ಕಾಣಲಾರದ ಬಣ್ಣ.'

ಅಷ್ಟರಲ್ಲಿ ಎರಡೂ ಅಂಚಿಗೆ ಜಾರಿ ಹೋದವು.
ಭೂಮಿ ತಿರುಗತದಲ್ಲ, ಎನ್ನುತ್ತ ಕೊಳವೆಯನ್ನು
ಕೂದಲೆಳೆಯಷ್ಟು ತಳ್ಳಿ ಮತ್ತೆ ತಂದುಕೊಟ್ಟೆ.

ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು.
'ಮಂಗಳವಾರ ಇದರದೂ ತೆಗೀತಾರ.
ತಡೀರಿ, ಹಳೇ ಕಣ್ಣು ಇನ್ನೊಮ್ಮೆ ನೋಡ್ಲಿ.'