ಹಲ್ಲು ಎಣಿಸುವುದು

ಒಂಬತ್ತು ಸಾವಿರದ ಎಂಟುನೂರು ಡಾಲರು.
ಬೆಂಡಿಗೋ ಊರಿನ ಕಾರಂಗಡಿ, ಬಣ್ಣದ ಪತಾಕೆಗಳ ಕೆಳಗೆ
ಕ್ರೇಗ್ ಡನ್‌ಸ್ಟನ್ ಬಾಗಿಲು ತೆರೆದು ಹಿಡಿದ,
ಮದುಮಗಳನ್ನು ಇಳಿಸಿಕೊಳ್ಳುವವನಂತೆ.
ಬಿಳಿ ಕಾರು. ಒಳಗೆ ನಿಂಬೆಹಣ್ಣಿನ ವಾಸನೆ.
‘ತೊಂಬತ್ತೊಂದು ಸಾವಿರ ಕಿಲೋಮೀಟರು, ಅಷ್ಟೇ,
ಒಬ್ಬಳು ಮುದುಕಿ ಓಡಿಸಿದ್ದು, ಚರ್ಚಿಗೆ, ಅಂಗಡಿಗೆ.’
ನಾನು ಆಸ್ಪತ್ರೆಯ ಅಡುಗೆಮನೆಯ ರಾತ್ರಿಪಾಳಿಯವಳು,
ಕೊನೆಯ ಬಸ್ಸು ತಪ್ಪಿ ತಪ್ಪಿ ನಡೆದವಳು.
ಸುಸ್ತಾದವರು ಬೇಗ ನಂಬುತ್ತಾರೆ. ರುಜು ಹಾಕಿದೆ.

ಇಷ್ಟಕ್ಕೂ ನನಗೆ ಗೊತ್ತಿರಬೇಕಿತ್ತು.
ನನ್ನ ಸೋದರಮಾವ ಗುರುಸಿದ್ದಪ್ಪ ದನದ ದಲ್ಲಾಳಿ.
ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವವನು,
ಎತ್ತಿನ ತುಟಿ ಮೇಲೆತ್ತಿ ಹಲ್ಲು ಎಣಿಸುವವನು:
ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯ್ಗೂಡಿದ್ದು.
ಕೊಂಬು ಹೆರೆದು, ಎಣ್ಣೆ ಸವರಿ
ಮುದಿ ಎತ್ತನ್ನು ಪ್ರಾಯದ್ದೆಂದು ದಾಟಿಸಿದ್ದೂ ಅವನೇ.
ಆ ದುಡ್ಡಲ್ಲಿ ನನಗೊಂದು ಲಂಗ ಬಂತು, ಹಸಿರಂಚಿನದು.
ದೂರಿನ ಅರ್ಜಿಯಲ್ಲಿ ಇದಕ್ಕೆ ಜಾಗವಿಲ್ಲ.

ಮೂರನೇ ವಾರ ಗೇರು ಕಿರುಗುಟ್ಟಿತು.
ಗ್ಯಾರೇಜಿನ ಸಾ ಏ ಡೋ, ಬರ್ಮಾದ ಗಡಿ ದಾಟಿ ಬಂದ ಕರೆನ್ ಹುಡುಗ,
ಬಾನೆಟ್ಟು ಎತ್ತಲಿಲ್ಲ. ಮಂಡಿಯೂರಿ
ಬ್ರೇಕಿನ ಪೆಡಲನ್ನು ಹೆಬ್ಬೆರಳಲ್ಲಿ ಸವರಿದ.
ರಬ್ಬರು ತೀಡಿಹೋಗಿ ಕಬ್ಬಿಣ ಇಣುಕುತ್ತಿತ್ತು.
‘ಮೀಟರನ್ನು ಹಿಂದೆ ತಿರುಗಿಸಬಹುದು,
ಕಾಲು ಸವೆಸಿದ್ದನ್ನು ಹೇಗೆ ತಿರುಗಿಸ್ತಾರೆ?’
ಆ ಹೆಬ್ಬೆರಳು ನಾನು ನೋಡಿದ್ದೆ.

ಸ್ಟೆಪ್ನಿಯ ಅಡಿಯಲ್ಲಿ ಸರ್ವಿಸ್ ಪುಸ್ತಕ ಸಿಕ್ಕಿತು.
ಕೊನೆಯ ಠಸ್ಸೆ: ಎರಡು ಲಕ್ಷ ಮೂವತ್ತೆಂಟು ಸಾವಿರದ ನಾನೂರ ಹನ್ನೆರಡು.
ಅಂಚಿನುದ್ದಕ್ಕೂ ಪೆನ್ಸಿಲಿನ ಅಕ್ಷರ. ಡೋರೀನ್ ಪ್ಯಾಸ್ಕೋ, ಕೆರಾಂಗ್.
ಬುಧವಾರ. ಬೆಂಡಿಗೋ. ಲೆನ್‌ಗೆ ಔಷಧಿ ಏರಿಸಿದರು.
ಬುಧವಾರ. ಲೆನ್ ದಾರಿಯುದ್ದ ಹಾಡಿದ, ಶ್ರುತಿಯಿಲ್ಲದೆ.
ಬುಧವಾರ. ಕಾಂಗರೂ ಅಡ್ಡ ಬಂತು. ಯಾರಿಗೂ ಏನೂ ಆಗಲಿಲ್ಲ.
ಹೀಗೆ ನಾಲ್ಕು ವರ್ಷದ ಬುಧವಾರಗಳು.
ಆಮೇಲೆ ಒಂದು ಶುಕ್ರವಾರ:
ಒಬ್ಬಳೇ ವಾಪಸು. ಹೀಟರು ಹಾಕಿದೆ, ಅವನ ಕಡೆಯದೂ.

ಕ್ರೇಗ್ ಫೋನು ಮಾಡಿದ.
ನಾನು ಕೊಟ್ಟ ಒಂದು ನಕ್ಷತ್ರ ಅವನ ನಿದ್ದೆ ಕೆಡಿಸಿತ್ತು.
ಮಿಕ್ಕವರೆಲ್ಲ ಐದೈದು ಕೊಟ್ಟಿದ್ದರು, ಒಂದೇ ವಾರದಲ್ಲಿ,
ಎಲ್ಲರೂ ಅದೇ ಒಂದು ಕಾಗುಣಿತದ ತಪ್ಪಿನೊಡನೆ.
‘ಅಳಿಸಿಬಿಡಿ, ಆರುನೂರು ಕೊಡ್ತೀನಿ.
ಹರಾಜಿನಲ್ಲಿ ನನಗೂ ಹಾಗೇ ಬಂದ ಕಾರು. ನನಗೂ ಮಕ್ಕಳಿದ್ದಾರೆ.’
ಇರಬಹುದು. ಅವರಿಗೂ ಹಸಿರಂಚಿನದೇನೋ ಬಂದಿರಬಹುದು.
ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆರುನೂರು ಎಂದರೆ ಎರಡು ವಾರದ ಬಾಡಿಗೆ.
ಬೇಡ ಅಂದೆ. ಧೈರ್ಯದಿಂದಲ್ಲ,
ಪುಸ್ತಕ ತೊಡೆಯ ಮೇಲೇ ಇತ್ತು.

ನ್ಯಾಯಮಂಡಳಿಯ ಅರ್ಜಿ, ಪುಟ ನಾಲ್ಕು.
ನಷ್ಟದ ವಿವರ. ನಷ್ಟ ಹೊಂದಿದವರ ಹೆಸರು.
ಮೊದಲನೆಯದಕ್ಕೆ ಗೇರಿನ ರಸೀತಿ ಲಗತ್ತಿಸಿದೆ.
ಎರಡನೆಯದರಲ್ಲಿ ಭ್ರಮರಾಂಬ ಕೆ. ಎಂದು ಬರೆದು
ಪೆನ್ನು ಎತ್ತಲಾಗಲಿಲ್ಲ.
ಮಗ್ಗುಲಲ್ಲೇ ಕಳೆದು ನೋಡಿದೆ:
ಒಂದು ಲಕ್ಷ ನಲವತ್ತೇಳು ಸಾವಿರ, ಚಿಲ್ಲರೆ.
ಅಷ್ಟು ದಾರಿಯನ್ನು ಯಾರೋ ಒಂದು ಮಧ್ಯಾಹ್ನ,
ಲ್ಯಾಪ್‌ಟಾಪಿನಿಂದ ತಂತಿ ಎಳೆದು ಚುಚ್ಚಿ,
ಲೋಟದ ಚಹಾ ಆರುವುದರೊಳಗೆ ನುಂಗಿದ್ದಾರೆ,
ಕಾಂಗರೂ, ಹಾಡು, ಖಾಲಿ ಸೀಟಿನ ಮೇಲೆ ಬೀಸಿದ ಬಿಸಿಗಾಳಿ.
ಡೋರೀನ್ ಪ್ಯಾಸ್ಕೋ ಎಂದು ಕೆಳಗೆ ಸೇರಿಸಿದೆ.
ಗುಮಾಸ್ತೆ ಕೆಂಪಿನಲ್ಲಿ ಹೊಡೆದು ವಾಪಸು ಕಳಿಸಿದಳು:
ಒಂದು ಅರ್ಜಿಗೆ ಒಬ್ಬರೇ.

ವಿಚಾರಣೆ ಆಗಸ್ಟಿಗೆ. ಅಲ್ಲಿಯವರೆಗೆ ಇದೇ ಕಾರು.
ಬೆಳಿಗ್ಗೆ ಪಾಳಿ ಮುಗಿಸಿ ಗಾಜಿನ ಮಂಜು ಕೆರೆದು ಕೂರುತ್ತೇನೆ.
ಸವೆದ ಪೆಡಲಿನ ತಗ್ಗಿಗೆ ಕಾಲಿಡುತ್ತೇನೆ.
ಡೋರೀನಳ ಪಾದ ನನ್ನದಕ್ಕಿಂತ ಒಂದು ಬೆರಳು ದೊಡ್ಡದು.