ನಾಲ್ಕನೇ ಜೋಡಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಎದೆಮಟ್ಟದ ಗುಂಡಿ. ಒಳಗೆ ಪ್ಯಾರೇಜಾನ್.
ಅವನ ತೊಡೆಯ ಮೇಲೆ ಕರಿ ಕೇಬಲ್ಲು
ಹೊಟ್ಟೆ ಸೀಳಿದ ಮೀನಿನ ಹಾಗೆ,
ಅಂಟಂಟು ಜೆಲ್ಲಿಯಲ್ಲಿ ನೂರು ಜೋಡಿ ತಂತಿ.
ನಾನು ಮೇಲೆ, ಕೊಡೆ ಹಿಡಿದವನು.
ದಿನಗೂಲಿ ಇಪ್ಪತ್ತೆರಡು ರೂಪಾಯಿ.

ಮೊದಲ ದಿನವೇ ಮಗ್ಗಿ ಹೇಳಿಕೊಟ್ಟ:
ಬಿಳಿಯ ಮನೆಗೆ ಐದು ಜನ ನೆಂಟರು,
ನೀಲಿ, ಕಿತ್ತಳೆ, ಹಸಿರು, ಕಂದು, ಬೂದು.
ಅವರೇ ಆಮೇಲೆ ಕೆಂಪಿನ ಮನೆಗೆ,
ಅಲ್ಲಿಂದ ಕಪ್ಪು, ಕೊನೆಗೆ ಹಳದಿ.
ಇಪ್ಪತ್ತಾಯಿತಾ? ಸುತ್ತು ದಾರ. ಮುಂದಿನ ಕಟ್ಟು.
ಸುತ್ತಿದ ದಾರಕ್ಕೂ ಅದೇ ನೆಂಟರ ಬಣ್ಣ.
"ಊರಿನ ಮಾತೆಲ್ಲ ಇಷ್ಟರಲ್ಲೇ ಕಣೋ," ಅಂದ,
"ಒಂಬತ್ತು ಬಣ್ಣ."

ನಾನು ಹೇಳಲಿಲ್ಲ,
ನನ್ನ ಕಣ್ಣಿಗೆ ಎಂಟೇ ಎಂದು.
ಹಿಪ್ಪುನೇರಳೆಯ ಎಲೆಯೂ ಅದು ಬಿದ್ದ ಮಣ್ಣೂ
ನನಗೆ ಒಂದೇ ಬಟ್ಟೆಯ ಎರಡು ತುಂಡು.
ಸಣ್ಣವನಿದ್ದಾಗ ಒಣಗಿದ ಸೊಪ್ಪು ಆರಿಸದೆ
ಹುಳಕ್ಕೆ ಹಾಕಿ ಏಟು ತಿಂದಿದ್ದೆ.
ನಮ್ಮ ಮನೆಯಲ್ಲಿ ಅದಕ್ಕೆ ಹೆಸರು ಸೋಮಾರಿತನ.

ರೋಜಾ ಬಿಡುವ ಹೊತ್ತು. ಪ್ಯಾರೇಜಾನ್ ಮೇಲೆ ಹತ್ತಿ
ಖರ್ಜೂರ ಬಾಯಿಗಿಟ್ಟು, "ಬಿಳಿ ಐದು ಉಳಿಸಿದ್ದೀನಿ,
ನೀನೇ ಮುಗಿಸು," ಅಂದ.
ಗ್ಯಾಸ್‌ಲೈಟಿನ ಬೆಳಕಲ್ಲಿ ಮುಗಿಸಿದೆ. ಹೆಮ್ಮೆಯಿಂದ.

ಬೆಳಿಗ್ಗೆ ಊರಿಗೆ ನಗೆಯೋ ನಗೆ.
ಮುನಿಶಾಮಪ್ಪನ ಫಿಲೇಚರ್‌ಗೆ ಧರ್ಮಾವರದ ಸೇಟು
ಫೋನ್ ಮಾಡಿ, "ನಿನ್ನೆ ಎಷ್ಟು ಬಂತು?" ಅಂತ ಕೇಳಿದರೆ
ಹೆರಿಗೆ ಆಸ್ಪತ್ರೆಯ ಸಿಸ್ಟರ್ ಎತ್ತಿ
"ಎರಡೂಮುಕ್ಕಾಲು ಕೆಜಿ, ಹೆಣ್ಣು," ಅಂದಳಂತೆ.
"ಅಷ್ಟೇನಾ?" ಅಂದನಂತೆ ಸೇಟು.

ಇನ್ನೊಂದನ್ನು ಯಾರೂ ನಗುತ್ತ ಹೇಳಲಿಲ್ಲ.
ಮೇಲೂರಿನಿಂದ ಒಬ್ಬ ರಾತ್ರಿ ಮೂರಕ್ಕೆ
ಆಸ್ಪತ್ರೆಗೆ ಮಾಡುತ್ತಲೇ ಇದ್ದ.
ಬೀಗ ಹಾಕಿದ ಫಿಲೇಚರ್‌ನಲ್ಲಿ, ಆರಿದ ಬಾಣಲೆಗಳ ನಡುವೆ
ಅದು ಬಡಿದುಕೊಳ್ಳುತ್ತಲೇ ಇತ್ತು.
ಟ್ರಾಕ್ಟರಿನಲ್ಲಿ ತಂದರು. ಉಳಿದರು, ಇಬ್ಬರೂ.

ಪ್ಯಾರೇಜಾನ್ ಎರಡು ತುಂಡು ತಂತಿ ಹಿಡಿದ.
"ಹಸಿರು ಯಾವ ಕೈಲಿದೆ?"
"ಬಲಗೈ."
ಅವನು ಎಡಗೈಯನ್ನು ತುಂಬ ಹೊತ್ತು ನೋಡಿದ.
ಇಂಜಿನಿಯರಿಗೆ ಹೇಳಿದ್ದು: "ಕನೆಕ್ಟರ್ ಖರಾಬು ಸಾರ್."

ಮಧ್ಯಾಹ್ನ ತನ್ನ ಟವೆಲ್ಲು ನನ್ನ ಕಣ್ಣಿಗೆ ಕಟ್ಟಿದ.
"ಜೋಡಿ ಅಂದ್ರೆ ಬಣ್ಣ ಅಲ್ವೋ, ಹುರಿ.
ಒಂದೊಂದಕ್ಕೆ ಒಂದೊಂದು ಹುರಿ, ಇಲ್ಲಾಂದ್ರೆ
ಒಬ್ಬರ ಮಾತು ಇನ್ನೊಬ್ಬರ ಕಿವೀಗೆ ಸೋರ್ತದೆ.
ಬೆರಳಲ್ಲಿ ಎಣಿಸು. ನಿಮ್ಮಮ್ಮ ಕುದಿಯೋ ನೀರಲ್ಲಿ
ಗೂಡಿನ ಎಳೆ ಹುಡುಕೋದು ಕಣ್ಣಲ್ಲೇನು?"

ಅಮ್ಮನ ಬೆರಳು ನೆನಪಾಯಿತು:
ಬೆಂದು ಬಿಳಿಚಿ, ಗೆರೆಯೆಲ್ಲ ಅಳಿಸಿಹೋಗಿ
ರೇಷನ್ ಕಾರ್ಡಿನ ಮೇಲೆ ಒತ್ತಿದರೆ
ಬರೀ ಮಸಿ ಮೂಡುವ ಹೆಬ್ಬೆಟ್ಟು.

ಇಪ್ಪತ್ತಾರು ವರ್ಷ ತಪ್ಪಲಿಲ್ಲ.

ಈಗ ಗುಂಡಿಗೆ ಗಾಜಿನ ಎಳೆ ಬಂದಿದೆ.
ಅಲ್ಲೂ ಮೊದಲು ಬರುವವರು ಅದೇ ಐದು ನೆಂಟರು,
ಆದರೆ ಹುರಿಯಿಲ್ಲ, ಮುಟ್ಟಿದರೆ ಏನೂ ಹೇಳುವುದಿಲ್ಲ.
ಹುಡುಗರು ಮಾಡುತ್ತಾರೆ.

ಕಳೆದ ವಾರ ದಿಬ್ಬೂರಹಳ್ಳಿ ರಸ್ತೆಯ ಗುಜರಿಯಲ್ಲಿ
ಹಳೇ ಕೇಬಲ್ಲಿಗೆ ಬೆಂಕಿ ಇಟ್ಟಿದ್ದರು. ತಾಮ್ರಕ್ಕೆ ರೇಟಿದೆ.
ಒಂಬತ್ತು ಬಣ್ಣ ಸುಟ್ಟರೂ ಹೊಗೆ ಒಂದೇ,
ಆವತ್ತು ಎಲ್ಲರಿಗೂ ಕಂಡದ್ದೇ ನನಗೂ ಕಂಡಿತು.
ಬೆಂಕಿ ತಾಗದ ಒಂದು ಗೇಣು ಎಳೆದುಕೊಂಡೆ.
ಹಸಿರೋ, ಕಂದೋ.
ಕಣ್ಣು ಮುಚ್ಚಿ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿದೆ.
ಒಂದು ಸುತ್ತು, ಎರಡು, ಮೂರು...

ಬಿಳಿ-ಕಂದು.
ಹೆರಿಗೆ ಆಸ್ಪತ್ರೆ.

ತಕ್ಕಡಿ ಹಿಡಿದ ಹುಡುಗ ನನ್ನನ್ನೇ ನೋಡುತ್ತಿದ್ದ.
"ಏನಣ್ಣ," ಅಂದ, "ಯಾರಿಗಾದ್ರೂ ಫೋನ್ ಮಾಡಬೇಕಿತ್ತಾ?"