ಸವೆದ ನಾಲು

ಹಾವೇರಿ ದನದ ಸಂತಿಯ ಗೇಟಿನ ಎಡಕ್ಕ
ತಗಡಿನ ನೆರಳಿನ್ಯಾಗ ನಮ್ಮಪ್ಪ ಕೂಡತಿದ್ದ.
ದಾವಲಸಾಬ ನಾಲಬಂದ ಅಂದ್ರ
ಗುತ್ತಲ, ಕರ್ಜಗಿ, ಅಗಡಿ ಮಟ ಎತ್ತುಗಳಿಗೆ ಗೊತ್ತು.
ಮಂದಿಗೆ ಅಷ್ಟ ಗೊತ್ತಿರಲಿಲ್ಲ.

ಒಂದು ಎತ್ತಿಗೆ ಎಂಟು ನಾಲು.
ಹಗ್ಗ ಹಾಕಿ ಕೆಡವಬೇಕು, ನಾಕೂ ಕಾಲು ಕೂಡಿಸಿ ಕಟ್ಟಬೇಕು.
ಕುತ್ತಿಗಿ ಮ್ಯಾಲ ಮೊಣಕಾಲೂರಿ ಕೂಡೂದು ನನ್ನ ಕೆಲಸ,
ಹನ್ನೊಂದು ವರ್ಷದಾಕಿ ನಾನು.
ಅದರ ಕಣ್ಣಿನ ಮ್ಯಾಲ ನನ್ನ ಅಂಗೈ,
ಅಂಗೈಯೊಳಗ ಅದರ ರೆಪ್ಪಿಗೂದಲು
ಕಸಬರಿಗಿ ತುದಿಯಂಗ ಒರಟು.

ಸುತ್ತಿಗಿ ಎತ್ತೂ ಮೊದಲ ಅಪ್ಪ ಬಗ್ಗಿ
ಅದರ ಕಿವಿಯಾಗ ಏನೋ ಅಂತಿದ್ದ.
ಒಂದ ಮಾತು.
ಆಮ್ಯಾಲ ಆ ನಾಕು ಕ್ವಿಂಟಲ್ ಮೈ
ನನ್ನ ಮೊಣಕಾಲ ಕೆಳಗ ಸಡಲ ಬೀಳತಿತ್ತು.
ಏನಂದಿ ಅಬ್ಬಾ, ಅಂತ ಕೇಳಿದರ ಬಾಯಿ ಬಿಡತಿರಲಿಲ್ಲ.
"ಕಿವಿಯಾಗ ಹೇಳೂದು ನಾವು.
ಕಾಲಾಗ ಹೇಳೂದು ಅವು.
ನೀ ಅದನ್ನ ಕಲಿ."

ಕಿತ್ತ ಹಳೇ ನಾಲು ಅಂವ ಒಗೀತಿರಲಿಲ್ಲ,
ಡಾಲ್ಡಾ ಡಬ್ಬಿಗೆ ಹಾಕತಿದ್ದ.
ರಾತ್ರಿ ಚಿಮಣಿ ಹಚ್ಚಿ ಒಂದೊಂದ ತಗದು ಬೆರಳಾಡಸತಿದ್ದ:
ಇದು ಎರಿ ಹೊಲದ್ದು. ಇದು ಡಾಂಬರಿನದು.
ಇದಕ ಮನ್ಯಾಗ ಬಡೀತಾರ, ಹಿಂದ ಹಿಂದ ಹೆಜ್ಜಿ ಇಟ್ಟೈತಿ.
ಇದು ಸತ್ತು ಮೂರು ದಿನಾತು,
ಇನ್ನೂ ನಡೀಲಿಕ್ಹತ್ತೈತಿ, ಕೇಳು,
ಅಂತ ನನ್ನ ಕಿವಿಗೆ ಹಚ್ಚತಿದ್ದ.
ತಣ್ಣನ ಕಬ್ಬಿಣ. ತುಕ್ಕಿನ ವಾಸನಿ.
ಹೂಂ ಅಂತಿದ್ದೆ ನಾ.
ಕೇಳಸತಿತ್ತೋ ಇಲ್ಲೋ, ಇವತ್ತಿಗೂ ಹೇಳಾಕ ಬರೂದಿಲ್ಲ.

ಅಪ್ಪ ಹೋದ.
ನಾ ಬಸ್‌ಸ್ಟ್ಯಾಂಡಿನ ಹಿಂದ ಸೀರಿಗೆ ಫಾಲ್ ಹಚ್ಚತೀನಿ.
ಹೋದ ಕಾರ್ತೀಕದಾಗ ನೀಲಪ್ಪ ಹಾವನೂರ ಬಂದ,
ಟವೆಲ್ಲಿನ ಗಂಟು ಬಿಚ್ಚಿ
ಯಾರದೋ ಜರಿ ಸೀರಿ ಪಕ್ಕಕ್ಕ ಎರಡು ನಾಲು ಇಟ್ಟ.
"ಚಂದ್ಯಾ ಹೋತವಾ, ಹೊಟ್ಟಿ ಉಬ್ಬಿ.
ಜೋಡಿ ಇದ್ದ ಮಾಣಿಕ್ಯಾ ಆರು ದಿನಾತು, ಮೇವು ಮುಟ್ಟವಲ್ದು.
ಡಾಕ್ಟರು ಜ್ವರಿಲ್ಲ ಅಂತಾರ.
ನಿಮ್ಮಪ್ಪ ಸತ್ತವನ್ನೂ ಮಾತಾಡಸತಿದ್ದ.
ಅದೇನಂತೈತಿ, ಒಂಚೂರು ಕೇಳವಾ."

ನನಗ ಬರೂದಿಲ್ಲ ಯಜಮಾನ, ಅನ್ನಬೇಕಿತ್ತು.
ಕೈ ಕೇಳಲಿಲ್ಲ, ತಾನ ಹೋತು.
ಬಲಗಡೆ ಅಂಚು ಬ್ಲೇಡಿನಂಗ ತೆಳ್ಳಗ,
ಎಡಕ್ಕ ನಿನ್ನೆ ಬಡದಂಗ ದಪ್ಪ.

"ಎಡಗೋಲಿಗೆ ಹೂಡತಿದ್ರೇನು ಇದನ್ನ?"
"ಹೌದು."
"ಮಾಣಿಕ್ಯಾಗ ಕಾಲು ನೋವಿತ್ತೇನು?"
ಅಂವ ಹೊತ್ತು ಸುಮ್ಮನಿದ್ದ.
"ಹೋದ ವರ್ಷ ಬಂಡಿ ಗಾಲಿ ಬಡದಿತ್ತು. ಆರಾಮಾತು ಅನಕೊಂಡಿದ್ವಿ."
"ಆಗಿಲ್ಲ.
ಚಂದ್ಯಾ ಅದರ ಕಡೆ ವಾಲಿ, ಅದರ ಪಾಲಿನ ಭಾರಾನೂ ಹೊತ್ತು ನಡದೈತಿ.
ನೀವು ತಿರುಗಿ ನೋಡಲಿಲ್ಲ ಅಂತೈತಿ."

ಆ ಕಡೀ ಮಾತು ಎಲ್ಲಿಂದ ಬಂತೋ.
ನಾಲಿನ್ಯಾಗ ಇರಲಿಲ್ಲ ಅದು,
ನನ್ನ ಮನಸಿನ್ಯಾಗೂ ಇರಲಿಲ್ಲ.
ನಡುವ ಹಾದು ಹೋತು, ಸಂದಿಯೊಳಗ ದನ ಹಾದಂಗ,
ನಾ ಗ್ವಾಡಿಗೆ ಆತು ನಿಂತೆ.

ನೀಲಪ್ಪ ಟವೆಲ್ಲಿನ್ಯಾಗ ಮಾರಿ ಇಟಗೊಂಡ.
"ಗ್ವಾದ್ಲ್ಯಾಗ ಇಡ್ರಿ ಇವನ್ನ, ಮೇವಿನ ಕೆಳಗ.
ಆಮ್ಯಾಲ ಮಾಣಿಕ್ಯಾನ ಕಿವಿಯಾಗ ಹೇಳ್ರಿ."
"ಏನಂತ ಹೇಳ್ಲಿ?"
ಅಪ್ಪ ಹೇಳದ ಆ ಮಾತು
ನಾಲಿಗಿ ತುದೀ ಮಟ ಬಂದು ಹೊಳ್ಳಿ ಹೋತು.
"ಬಗ್ಗಿದ ಮ್ಯಾಲ ಗೊತ್ತಾಗತೈತಿ."

ಮೂರು ದಿನಕ್ಕ ಫೋನ್ ಬಂತು:
"ನೀರು ಕುಡೀತವಾ."
ಮೇವಿನ ಸುದ್ದಿ ಅಂವ ಎತ್ತಲಿಲ್ಲ, ನಾ ಕೇಳಲಿಲ್ಲ.

ಟೈರಿನ ಅಟ್ಟಿ ಬಡದ ಅಪ್ಪನ ಚಪ್ಪಲಿ
ಬಾಗಿಲ ಹಿಂದ ಮೊಳಿಗೆ ನೇತಾಡತಾವ.
ಯಾವ ಕಡೆ ಸವದಾವೋ,
ಯಾರ ಕಡೆ ವಾಲಿ ನಡದಿದ್ನೋ.
ಸಾಮಾನಿನ ಚೀಲ ಹೊತ್ತು ನಾ ಯಾವಾಗಲೂ ಅವನ ಬಲಕ್ಕ ಇರತಿದ್ದೆ.

ಒಮ್ಮೆ ಕೈ ಚಾಚಿದ್ದೆ.
ಮಗಚಿ ನೋಡಲಿಲ್ಲ.